ಕೀಪ್ಯಾಡ್ ಫೋನ್‌ಗೆ ಟವರ್ ಸಿಗುತ್ತದೆ, 5ಜಿ ಫೋನ್‌ಗೆ ಸಿಗಲ್ಲ. ಆಂಟೆನಾ ಸಮಸ್ಯೆನಾ?

ಸಿಂಧನೂರು_ಸ್ಪೇರ್ಸ್

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಂಬೋ (ಡಿಸ್ಪ್ಲೇ, ಟಚ್ ಸೇರಿದ ಭಾಗ), ಬ್ಯಾಟರಿ, ಸಿಸಿ ಬೋರ್ಡ್ (ಚಾರ್ಜಿಂಗ್ ಬೋರ್ಡ್) ಬದಲಿಸುವ ಕೆಲಸವೇ ಜಾಸ್ತಿ. ಆದರೆ ಈಗೀಗ ಬರುವ ದೂರು ಬೇರೆ. ಕಾಲುವೆ ಕಡೆಯ ಹಳ್ಳಿಗಳಿಂದ ಬರುವ ಗಿರಾಕಿಗಳದ್ದು ಒಂದೇ ಮಾತು: "ಅಪ್ಪನ ಕೀಪ್ಯಾಡ್ ಫೋನ್ ಗದ್ದ್ಯಾಗ ಛಲೋ ಮಾತಾಡ್ತದ, ಇಪ್ಪತ್ತು ಸಾವಿರ ಕೊಟ್ಟ ನನ್ನ ಫೋನಿಗೆ ಅಲ್ಲೇ ಟವರ್ ಸಿಗಂಗಿಲ್ಲ, ಏನಾಗ್ಯಾದ ನೋಡ್ರಿ." ಎರಡರಲ್ಲೂ ಒಂದೇ ಕಂಪನಿಯ ಸಿಮ್. ಅದಲು ಬದಲು ಮಾಡಿದರೂ ಅಷ್ಟೇ.

ಫೋನ್ ಬಿಚ್ಚಿದರೆ ತಲೆ ತಿರುಗುತ್ತದೆ. ಹಳೇ ಕೀಪ್ಯಾಡ್ ಸೆಟ್‌ನಲ್ಲಿ ಒಂದು ತಗಡಿನ ಪಟ್ಟಿ, ಅದಕ್ಕೆ ಎರಡು ಸ್ಪ್ರಿಂಗ್ ಪಿನ್, ಅಷ್ಟೇ ಕಥೆ. ಈಗಿನ 5ಜಿ ಸೆಟ್‌ನಲ್ಲಿ ಬೋರ್ಡಿನ ಅಂಚಿನ ಸುತ್ತ ಸ್ಪ್ರಿಂಗ್‌ಗಳೇ ಸ್ಪ್ರಿಂಗ್‌ಗಳು. ಮೇಲಿನ ಬೋರ್ಡಿನಿಂದ ಕೆಳಗಿನ ಸಿಸಿ ಬೋರ್ಡಿಗೆ ದಾರದಷ್ಟು ತೆಳ್ಳಗಿನ ಕಪ್ಪು ಬಿಳಿ ವೈರ್‌ಗಳು. ರಿಂಗರ್ ಬಾಕ್ಸ್ (ಸ್ಪೀಕರ್ ಡಬ್ಬಿ) ಮೇಲೆ ಹೊಳೆಯುವ ಗೆರೆಗಳು. ಲೋಹದ ಫ್ರೇಮ್ ಆದರೆ ಅಲ್ಲಲ್ಲಿ ಕತ್ತರಿಸಿ ಪ್ಲಾಸ್ಟಿಕ್ ತುಂಬಿರುತ್ತಾರೆ. ಇವೆಲ್ಲ ಆಂಟೆನಾನೇ ಅಂತೆ.

ಕೇಳಬೇಕಿರುವುದು ಇಷ್ಟು. ಇಷ್ಟೊಂದು ಆಂಟೆನಾ ಯಾಕೆ, ಒಂದೇ ದೊಡ್ಡದು ಹಾಕಿ ಎಲ್ಲಾ ಬ್ಯಾಂಡ್ (ಸಿಗ್ನಲ್ ಬರುವ ಫ್ರೀಕ್ವೆನ್ಸಿಗಳ ಗುಂಪು) ಹಿಡಿಯಲು ಆಗಲ್ವಾ? ಇಷ್ಟಿದ್ದೂ ಹಳೇ ಫೋನ್ ಮುಂದೆ ಯಾಕೆ ಸೋಲುತ್ತದೆ? ಇನ್ನೊಂದು ನನ್ನ ಹೊಟ್ಟೆಪಾಡಿನ ಪ್ರಶ್ನೆ: ಕಾಂಬೋ ಅಥವಾ ಬ್ಯಾಕ್ ಪ್ಯಾನೆಲ್ ಹಾಕಿಸಿಕೊಂಡು ಹೋದವರು ಕೆಲವರು ವಾಪಸ್ ಬಂದು "ನೀವು ಬಿಚ್ಚಿದ ಮೇಲೆ ಟವರ್ ಕಡಿಮೆಯಾಯಿತು" ಅಂತ ಜಗಳ ಮಾಡುತ್ತಾರೆ. ಅದರಲ್ಲಿ ನಿಜ ಇರಬಹುದಾ?

ಮಸ್ಕಿ_ಟವರ್

ಅಣ್ಣ, ಎಲ್ಲಾ ತಪ್ಪನ್ನೂ ಆಂಟೆನಾ ತಲೆಗೆ ಕಟ್ಟಬೇಡಿ. ನಾನು ಟವರ್ ಮೆಂಟೇನೆನ್ಸ್ ಕೆಲಸದವನು, ನಮ್ಮ ಕಡೆಯಿಂದ ನೋಡಿದರೆ ಹೀಗಿದೆ.

ಕೀಪ್ಯಾಡ್ ಫೋನ್ ಅಂದರೆ ಸಾಮಾನ್ಯವಾಗಿ 2ಜಿ, ಅದೂ ಹಳ್ಳಿ ಕಡೆ 900 ಮೆಗಾಹರ್ಟ್ಸ್. ಆ ಬ್ಯಾಂಡ್‌ನಲ್ಲಿ ಹ್ಯಾಂಡ್‌ಸೆಟ್‌ಗೆ 2 ವ್ಯಾಟ್‌ವರೆಗೆ ಕೂಗಲು ಅನುಮತಿ ಇದೆ. 4ಜಿ ಫೋನ್ ಮಾಮೂಲಾಗಿ ಕೂಗುವುದು 200 ಮಿಲಿವ್ಯಾಟ್. ಟವರ್ ದೊಡ್ಡ ದನಿಯಲ್ಲಿ ಮಾತಾಡುತ್ತದೆ, ಅದು ನಿಮ್ಮ ಫೋನ್‌ಗೆ ಕೇಳುತ್ತದೆ, ಕಡ್ಡಿನೂ ತೋರಿಸುತ್ತದೆ. ಆದರೆ ಫೋನ್ ಹೇಳಿದ್ದು ಟವರ್‌ಗೆ ಮುಟ್ಟಬೇಕಲ್ಲ? ಕಟ್ ಆಗುವುದು ಅಲ್ಲಿ.

ಇನ್ನು 5ಜಿ. ಪಟ್ಟಣದಲ್ಲಿ ಎರಡೂ ದೊಡ್ಡ ಕಂಪನಿಗಳ ಸ್ಪೀಡ್ ಬರುವುದು 3300 ಮೆಗಾಹರ್ಟ್ಸ್ ಮೇಲಿನ ಬ್ಯಾಂಡ್‌ನಿಂದ, ಎನ್78 ಅಂತಾರೆ. ಅದು ಗೋಡೆ ಕಂಡರೆ ಸುಸ್ತಾಗುತ್ತದೆ. ನಮ್ಮ ಕಡೆಯ ದಪ್ಪ ಗೋಡೆಯ ಮಾಳಿಗೆ ಮನೆ, ತಗಡಿನ ಶೆಡ್ಡಿನ ರೈಸ್ ಮಿಲ್, ಇವುಗಳ ಒಳಗೆ ಹೋದರೆ ಮುಗಿದೇ ಹೋಯಿತು. ಫೋನ್ ಮೊದಲು 5ಜಿ ಹಿಡಿಯಲು ಒದ್ದಾಡಿ, ಆಗದೆ 4ಜಿಗೆ ಇಳಿದು, ಮತ್ತೆ ಮೇಲೆ ಹತ್ತಿ, ಇದೇ ಆಟದಲ್ಲಿ ಬ್ಯಾಟರಿನೂ ಹೋಗುತ್ತದೆ. ಕೀಪ್ಯಾಡ್ ಫೋನ್‌ಗೆ ಈ ಗೋಳು ಏನೂ ಇಲ್ಲ, ಸುಮ್ನೆ 900ರಲ್ಲಿ ಕೂತಿರುತ್ತದೆ.

ಮತ್ತೆ ಕಡ್ಡಿ ಎಣಿಸಿ ಜಗಳ ಮಾಡುವವರಿಗೆ ಒಂದು ಮಾತು ಹೇಳಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದನ್ನು ಫೋನ್ ಕಂಪನಿಯವರೇ ತೀರ್ಮಾನ ಮಾಡುತ್ತಾರೆ. ಎರಡು ಫೋನ್‌ಗಳ ಕಡ್ಡಿ ಹೋಲಿಸುವುದರಲ್ಲಿ ಅರ್ಥ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಒಳಗೆ ಡಿಬಿಎಂ ಲೆಕ್ಕ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಇರುತ್ತದೆ, ಅದನ್ನು ನೋಡಿ. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ತೆವಳುತ್ತದೆ. ಮೈನಸ್ 120ಕ್ಕೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಕಿನ್ನಾಳ_ಗೊಂಬೆ

ಊರು ಕೊಪ್ಪಳ ಹತ್ತಿರದ ಕಿನ್ನಾಳ, ಹೊಟ್ಟೆಪಾಡು ಬೆಂಗಳೂರಿನಲ್ಲಿ, ಮಾಡುವ ಕೆಲಸ ಫೋನ್ ಆಂಟೆನಾ ಡಿಸೈನ್. ಇಂಥ ಪ್ರಶ್ನೆ ಯಾರೂ ಕೇಳಲ್ಲ, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಸ್ಕಿಯವರು ಹೇಳಿದ 2 ವ್ಯಾಟ್ ಲೆಕ್ಕ ಸರಿ, ಆದರೆ ಪೂರ್ತಿ ಹತ್ತು ಪಟ್ಟು ಲಾಭ ಅಂತ ತಿಳಿಯಬೇಡಿ. 2ಜಿ ಫೋನ್ ಎಂಟರಲ್ಲಿ ಒಂದು ಪಾಳಿ ಮಾತ್ರ ಕೂಗುತ್ತದೆ, ಸರಾಸರಿ ತೆಗೆದರೆ ಕಾಲು ವ್ಯಾಟ್. ಉಳಿದ ವ್ಯತ್ಯಾಸದಲ್ಲಿ ಆಂಟೆನಾದ ಪಾಲು ದೊಡ್ಡದೇ ಇದೆ.

ಮೊದಲು ಉದ್ದದ ವಿಷಯ. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಮೀಟರ್‌ನಲ್ಲಿ ಬರುತ್ತದೆ. ಆಂಟೆನಾಗೆ ಅದರ ಕಾಲು ಭಾಗವಾದರೂ ಉದ್ದ ಬೇಕು ಅಂತ ಇಟ್ಟುಕೊಳ್ಳಿ. 3500ಕ್ಕೆ ಎರಡು ಸೆಂಟಿಮೀಟರ್ ಸಾಕು. 1800ಕ್ಕೆ ನಾಲ್ಕು. 900ಕ್ಕೆ ಎಂಟು ಚಿಲ್ಲರೆ. 700ಕ್ಕೆ ಹತ್ತೂವರೆ ದಾಟುತ್ತದೆ. ಫೋನ್ ಅಗಲವೇ ಏಳೂವರೆ ಸೆಂಟಿಮೀಟರ್ ಅಲ್ವಾ? ಹಾಗಾಗಿ ಜನ ಅಂದುಕೊಂಡಂತೆ ಮೇಲಿನ ಬ್ಯಾಂಡ್‌ಗಳು ನಮಗೆ ತಲೆನೋವಲ್ಲ. ತಲೆನೋವು ಪೂರ್ತಿ ಕೆಳಗಿನದ್ದು. ಹಳ್ಳಿಗೆ ಮುಟ್ಟುವುದೂ ಅದೇ ಕೆಳಗಿನ ಬ್ಯಾಂಡ್. 2022ರ ಹರಾಜಿನಲ್ಲಿ ಜಿಯೋ 700 ತೆಗೆದುಕೊಂಡಿತು, ಬಿಎಸ್ಸೆನ್ನೆಲ್ 4ಜಿಗೂ 700 ಇದೆ. ಅಂದರೆ ಫೋನ್‌ನಲ್ಲಿ ಆಂಟೆನಾ ಜಾಗ ಕುಗ್ಗುತ್ತಾ ಬಂದ ಕಾಲಕ್ಕೇ ಇನ್ನೂ ಉದ್ದದ ಅಲೆ ಬಂದು ಕೂತಿತು.

ಪಟ್ಟಿಯನ್ನು ಮಡಚಿ ಚಿಕ್ಕದು ಮಾಡಬಹುದು. ಮಾಡುತ್ತೇವೆ ಕೂಡ. ಆದರೆ ಅದಕ್ಕೆ ಬೆಲೆ ಇದೆ. 1947ರಲ್ಲಿ ವ್ಹೀಲರ್, 1948ರಲ್ಲಿ ಚೂ ಅನ್ನುವವರು ಈ ಲೆಕ್ಕ ಹಾಕಿಟ್ಟು ಹೋಗಿದ್ದಾರೆ: ಆಂಟೆನಾ ಇರುವ ಜಾಗ ಅಲೆಗಿಂತ ತುಂಬಾ ಚಿಕ್ಕದಾದರೆ, ಒಂದೋ ಅದು ಕಿರಿದಾದ ಬ್ಯಾಂಡ್ ಮಾತ್ರ ಹಿಡಿಯುತ್ತದೆ, ಇಲ್ಲವೇ ಕೊಟ್ಟ ಪವರ್ ಬಿಸಿಯಾಗಿ ಹಾಳಾಗುತ್ತದೆ. ಯಾವ ಕಂಪನಿಯ ಯಾವ ಜಾಣನೂ ಇದನ್ನು ದಾಟಿಲ್ಲ. ಒಂದೇ ದೊಡ್ಡದು ಯಾಕೆ ಹಾಕಲ್ಲ ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೇ. ದೊಡ್ಡದಕ್ಕೆ ಜಾಗ ಇಲ್ಲ.

ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ. 900ರಂಥ ಬ್ಯಾಂಡ್‌ನಲ್ಲಿ ಅಲೆ ಬಿಡುವುದು ನೀವು ನೋಡುವ ಆ ಪಟ್ಟಿ ಒಂದೇ ಅಲ್ಲ. ಫೋನ್‌ನ ಇಡೀ ಮೈ, ಅಂದರೆ ಬೋರ್ಡು, ಡಿಸ್ಪ್ಲೇ ಹಿಂದಿನ ಲೋಹದ ಹಾಳೆ, ಫ್ರೇಮು, ಎಲ್ಲಾ ಸೇರಿ ಅಲೆ ಬಿಡುತ್ತದೆ. ಜೋಕಾಲಿ ತಳ್ಳುವವನ ಕೈಯಷ್ಟು ಚಿಕ್ಕ ಕೆಲಸ ಪಟ್ಟಿಯದ್ದು, ತೂಗಾಡುವುದು ಫೋನ್ ಪೂರ್ತಿ. 900ರ ಅರ್ಧ ಅಲೆ ಹದಿನಾರೂವರೆ ಸೆಂಟಿಮೀಟರ್, ಈಗಿನ ಫೋನ್ ಉದ್ದವೂ ಹದಿನಾರರ ಆಸುಪಾಸು. ಹಾಗಾಗಿ 900 ಹೇಗೋ ನಡೆಯುತ್ತದೆ. 700ರ ಅರ್ಧ ಅಲೆ ಇಪ್ಪತ್ತೊಂದು. ಅಲ್ಲಿ ಫೋನ್ ಮೈಯೇ ಸಾಲಲ್ಲ.

ನಿಮ್ಮ ಹಳೇ ಫೋನ್ ಕಥೆಗೆ ಬನ್ನಿ. 1999ರ ನೋಕಿಯಾ 3210 ಬಂದಾಗ ಹೊರಗೆ ಚಾಚಿದ ಕೊಂಬು ಹೋಗಿ ಆಂಟೆನಾ ಒಳಗೆ ಸೇರಿತು. ಆದರೆ ಆ ಕಾಲದ ಫೋನ್‌ಗಳು ಎರಡು ಸೆಂಟಿಮೀಟರ್ ದಪ್ಪ, ಪ್ಲಾಸ್ಟಿಕ್ ಮೈ. ಆಂಟೆನಾ ತಗಡು ಬೋರ್ಡಿನಿಂದ ಏಳೆಂಟು ಮಿಲಿಮೀಟರ್ ಮೇಲೆ ಆರಾಮಾಗಿ ಕೂತಿರುತ್ತಿತ್ತು. ಹಿಡಿಯಬೇಕಾದ ಬ್ಯಾಂಡ್ ಎರಡೇ, 900 ಮತ್ತು 1800. ಇವತ್ತಿನ ಫೋನ್ ಎಂಟು ಮಿಲಿಮೀಟರ್ ದಪ್ಪ. ಡಿಸ್ಪ್ಲೇ ಅಂಚಿನವರೆಗೆ ಬಂದಿದೆ, ಮೊದಲು ಕೆಳಗೆ ಗಲ್ಲದಂತೆ ಖಾಲಿ ಬಿಡುತ್ತಿದ್ದ ಪಟ್ಟಿನೂ ಹೋಯಿತು. ಆ ಖಾಲಿ ಪಟ್ಟಿಯೇ ನಮ್ಮ ಆಸ್ತಿ ಆಗಿತ್ತು. ಆಂಟೆನಾ ಪಕ್ಕ ಲೋಹ ಇಲ್ಲದ ಜಾಗ ಎಷ್ಟಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಮಾರ್ಕೆಟಿಂಗ್‌ನವರ ಜೊತೆ ಅರ್ಧ ಮಿಲಿಮೀಟರ್‌ಗೆ ಗಂಟೆಗಟ್ಟಲೆ ಜಗಳ ಆಡುವುದೂ ನಮ್ಮ ಕೆಲಸದ ಭಾಗ. ಸಾಮಾನ್ಯವಾಗಿ ಅವರೇ ಗೆಲ್ಲುತ್ತಾರೆ.

ಹಾಗಾದರೆ ನಡೆಸುವುದು ಹೇಗೆ? ಟ್ಯೂನರ್ ಅನ್ನುವ ಚಿಕ್ಕ ಸ್ವಿಚ್ ಇರುತ್ತದೆ. ಆಂಟೆನಾ ಪಟ್ಟಿಯ ಒಂದು ಜಾಗದಲ್ಲಿ ಬೇರೆ ಬೇರೆ ಕಾಯಿಲ್, ಕೆಪಾಸಿಟರ್ ಮೂಲಕ ಗ್ರೌಂಡ್‌ಗೆ ಜೋಡಿಸಿ, ಪಟ್ಟಿಯನ್ನು ಈಗ 700ಕ್ಕೆ, ಈಗ 850ಕ್ಕೆ, ಈಗ 900ಕ್ಕೆ ಹೊಂದಿಸುತ್ತದೆ. ಒಂದು ಹೊತ್ತಿಗೆ ಒಂದು ತುಂಡು ಬ್ಯಾಂಡ್ ಮಾತ್ರ ಚೆನ್ನಾಗಿ ಹಿಡಿದರೆ ಸಾಕು ಅನ್ನುವ ಜಾಣತನ ಅದು. ಸ್ವಿಚ್‌ನಲ್ಲೂ ಸ್ವಲ್ಪ ಪವರ್ ನಷ್ಟವಾಗುತ್ತದೆ, ಪುಕ್ಕಟೆ ಏನೂ ಸಿಗಲ್ಲ. ಕೆಳಗಿನ ಬ್ಯಾಂಡ್‌ನಲ್ಲಿ ಕೊಟ್ಟ ಪವರ್‌ನ ಕಾಲು ಭಾಗ ಗಾಳಿಗೆ ಹೋದರೂ ಆ ಫೋನ್ ಮಾರುಕಟ್ಟೆಗೆ ಬರುತ್ತದೆ ಅಂದರೆ ನಂಬುತ್ತೀರಾ? ಅದರ ಮೇಲೆ ಕೈಯಲ್ಲಿ ಹಿಡಿದರೆ, ಕಿವಿಗೆ ಇಟ್ಟರೆ ಇನ್ನೂ ಇಳಿಯುತ್ತದೆ.

ಫ್ರೇಮ್ ಕತ್ತರಿಸಿರುವುದು ಚಂದಕ್ಕಲ್ಲ. ಆ ಲೋಹದ ತುಂಡುಗಳೇ ಆಂಟೆನಾ, ನಡುವಿನ ಪ್ಲಾಸ್ಟಿಕ್ ಅವನ್ನು ಬೇರೆ ಮಾಡಿಡುತ್ತದೆ. 2010ರಲ್ಲಿ ಐಫೋನ್ 4 ಬಂದಾಗ ಎಡಗೈಯಲ್ಲಿ ಹಿಡಿದರೆ ಅಂಗೈ ಆ ಗೆರೆಯ ಮೇಲೆ ಬಿದ್ದು ಎರಡು ತುಂಡುಗಳು ಕೂಡಿಕೊಂಡಂತಾಗಿ ಸಿಗ್ನಲ್ ಬೀಳುತ್ತಿತ್ತು. ದೊಡ್ಡ ಗಲಾಟೆಯಾಗಿ ಕಂಪನಿ ಪುಕ್ಕಟೆ ಕವರ್ ಹಂಚಿತು. ಆಮೇಲೆ ಎಲ್ಲರೂ ಹುಷಾರಾದರು. ಈಗ ಮೇಲೊಂದು ಕೆಳಗೊಂದು ಇಟ್ಟು, ಯಾವುದನ್ನು ಕೈ ಮುಚ್ಚಿದೆಯೋ ನೋಡಿ ಇನ್ನೊಂದಕ್ಕೆ ಫೋನ್ ತಾನೇ ಜಿಗಿಯುತ್ತದೆ. ಆಡುವವರು ಅಡ್ಡ ಹಿಡಿದು ಎರಡೂ ತುದಿ ಮುಚ್ಚುತ್ತಾರೆ ಅಂತ ಪಕ್ಕದಲ್ಲೂ ಇಡುತ್ತೇವೆ. ಮುಖ್ಯ ಆಂಟೆನಾ ಹೆಚ್ಚಾಗಿ ಕೆಳಗಿರುವುದಕ್ಕೆ ಇನ್ನೊಂದು ಕಾರಣ ತಲೆ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್‌ನಿಂದ ಮೈ ಹೀರಿಕೊಳ್ಳುವ ಅಲೆಯ ಶಕ್ತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ದಾಟಬಾರದು ಅನ್ನುವ ಮಿತಿ ಇದೆ. ಡಯಲ್ ಪ್ಯಾಡ್‌ನಲ್ಲಿ *#07# ಒತ್ತಿದರೆ ನಿಮ್ಮ ಫೋನ್‌ನ ಲೆಕ್ಕ ಬರುತ್ತದೆ.

ಇಷ್ಟೊಂದು ಯಾಕೆ ಅನ್ನುವುದಕ್ಕೆ ಉಳಿದ ಅರ್ಧ ಉತ್ತರ: 4ಜಿ, 5ಜಿಯಲ್ಲಿ ಒಂದೇ ಬ್ಯಾಂಡ್‌ಗೆ ಎರಡು, ಕೆಲವಕ್ಕೆ ನಾಲ್ಕು ಆಂಟೆನಾ ಒಟ್ಟಿಗೆ ಕೇಳಬೇಕು, ಸ್ಪೀಡ್ ಬರುವುದು ಹಾಗೆ. ಅವು ಒಂದಕ್ಕೊಂದು ದೂರ ಇರಬೇಕು, ಇಲ್ಲವಾದರೆ ಎರಡೂ ಒಂದೇ ಮಾತು ಕೇಳುತ್ತವೆ, ಲಾಭ ಇಲ್ಲ. ಅದರ ಮೇಲೆ ವೈಫೈಗೆ ಎರಡು, ಜಿಪಿಎಸ್‌ಗೆ ಒಂದು, ಎನ್ಎಫ್‌ಸಿಗೆ (ಫೋನ್ ತಾಗಿಸಿ ದುಡ್ಡು ಕೊಡುವಂಥ ಸೌಲಭ್ಯ) ಸುರುಳಿ. ಎಲ್ಲಾ ಸೇರಿ ಎಂಟು ಹತ್ತು ಸುಲಭವಾಗಿ ಆಗುತ್ತದೆ.

ಇನ್ನು ನಿಮ್ಮ ಜಗಳದ ವಿಷಯ. ನಿಜ ಇರಬಹುದು ಅಣ್ಣಾರ. ಮೈಯೆಲ್ಲಾ ಆಂಟೆನಾ ಅಂದಮೇಲೆ ನೀವು ಬಿಚ್ಚುವ ಪ್ರತಿಯೊಂದೂ ಆಂಟೆನಾದ ಭಾಗವೇ. ಇಷ್ಟು ನೋಡಿಕೊಳ್ಳಿ. ಆ ಕಪ್ಪು ಬಿಳಿ ವೈರ್‌ನ ಎರಡೂ ತುದಿ ಟಕ್ ಅಂತ ಕೂತಿರಬೇಕು, ಸುಮ್ನೆ ಮೇಲೆ ಇಟ್ಟಂತಿದ್ದರೆ ಸಾಲದು. ಕಪ್ಪನ್ನು ಬಿಳಿಯ ಜಾಗಕ್ಕೆ ಹಾಕಬಾರದು. ರಿಂಗರ್ ಬಾಕ್ಸ್ ಮೇಲಿನ ಹೊಳೆಯುವ ಗೆರೆಗಳು ಲೇಸರ್‌ನಿಂದ ಬರೆದು ಮೇಲೆ ಲೋಹ ಕೂರಿಸಿದ ಆಂಟೆನಾ, ಡೂಪ್ಲಿಕೇಟ್ ಬಾಕ್ಸ್‌ನಲ್ಲಿ ಕೆಲವೊಮ್ಮೆ ಅವೇ ಇರಲ್ಲ. ಕಾಂಬೋ ಹಿಂದೆ ತಾಮ್ರದ ಬಣ್ಣದ ಟೇಪ್, ಬೂದು ಬಣ್ಣದ ಮೆತ್ತನೆ ಗ್ರೌಂಡ್ ಪ್ಯಾಡ್ ಇದ್ದರೆ ಹಳೆಯದರಿಂದ ಎತ್ತಿ ಹೊಸದಕ್ಕೆ ಅಂಟಿಸಿ, ಕಸ ಅಂತ ಬಿಸಾಡಬೇಡಿ. ಸ್ಪ್ರಿಂಗ್ ಬಾಗಿದ್ದರೆ ಮೆಲ್ಲಗೆ ಎತ್ತಿ, ಅದು ಮುಟ್ಟುವ ಜಾಗವನ್ನು ಐಪಿಎಯಿಂದ (ಒರೆಸಲು ಬಳಸುವ ಆಲ್ಕೋಹಾಲ್) ಒರೆಸಿ.

ಬಳ್ಳಾರಿ_ಈಸಿಇ

ಸರ್, ಕಿನ್ನಾಳ ಸರ್, ಸೂಪರ್. ನಾನು ಬಳ್ಳಾರಿಯಲ್ಲಿ ಈಸಿಇ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಇಂಜಿನಿಯರಿಂಗ್) ಕೊನೇ ವರ್ಷ. ನಮ್ಮ ಪಾಠದಲ್ಲಿ ಪ್ಯಾಚ್ ಆಂಟೆನಾ, ಹಾರ್ನ್, ಯಾಗಿ ಇವೆ, ಫೋನ್ ಮೈಯೇ ಆಂಟೆನಾ ಅಂತ ಎಲ್ಲೂ ಬಂದಿಲ್ಲ. ಒಂದು ವಿಷಯ ಒಪ್ಪಲು ಕಷ್ಟವಾಗುತ್ತಿದೆ. ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಡಿಸೈನ್ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನೀವು ಉಲ್ಟಾ ಹೇಳುತ್ತಿದ್ದೀರಿ. 26 ಗಿಗಾಹರ್ಟ್ಸ್ ಮಿಲಿಮೀಟರ್ ವೇವ್ ಸುಲಭನಾ ಹಾಗಾದರೆ? ಪ್ರಾಜೆಕ್ಟ್‌ಗೆ ಅದನ್ನೇ ಸಿಮ್ಯುಲೇಶನ್ ಮಾಡೋಣ ಅಂತಿದ್ದೇವೆ, ಗುಂಪಿನಲ್ಲಿ ಎಲ್ಲರಿಗೂ ಅದೇ ಆಸೆ.

ಇನ್ನೊಂದು, ನಮ್ಮ ಮಾವನ ಊರು ಸಂಡೂರು ಕಡೆ. ಗುಡ್ಡದಲ್ಲಿ ಕಬ್ಬಿಣದ ಅದಿರು ಇರುವುದಕ್ಕೇ ಸಿಗ್ನಲ್ ಎಳೆದುಕೊಳ್ಳುತ್ತದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ನಿಜನಾ?

ಮಸ್ಕಿ_ಟವರ್

ತಮ್ಮಾ, ಅದಿರು ಏನೂ ಎಳೆದುಕೊಳ್ಳಲ್ಲ. ಅಡ್ಡ ಬರುವುದು ಗುಡ್ಡ. ಟವರ್ ಗುಡ್ಡದ ಆಚೆ, ಊರು ಈಚೆ ಇದ್ದರೆ ಗುಡ್ಡ ಸುಣ್ಣದ್ದಾದರೂ ಬಂಗಾರದ್ದಾದರೂ ನೆರಳು ನೆರಳೇ. ನಿಮ್ಮ ಬಳ್ಳಾರಿ ಕೋಟೆ ಗುಡ್ಡ ಬರೀ ಕಲ್ಲುಬಂಡೆ, ಅದರ ಹಿಂದೆ ನಿಂತು ಆಚೆ ಕಡೆಯ ಟವರ್ ನೋಡಿ, ಅದೇ ಕಥೆ.

ಕಿನ್ನಾಳ_ಗೊಂಬೆ

ತಮ್ಮಾ, ಸುಲಭ ಅಂದಿಲ್ಲ, ಕಷ್ಟ ಬೇರೆ ತರಹದ್ದು ಅಂತ. 26 ಗಿಗಾಹರ್ಟ್ಸ್‌ನಲ್ಲಿ ಅಲೆಯೇ ಹನ್ನೊಂದೂವರೆ ಮಿಲಿಮೀಟರ್. ನಾಲ್ಕು ಪ್ಯಾಚ್ ಸಾಲಾಗಿ ಇಟ್ಟರೂ ಬೆರಳ ತುದಿಯಷ್ಟು ಜಾಗದಲ್ಲಿ ಕೂರುತ್ತದೆ. ಜಾಗದ ಜಗಳ ಅಲ್ಲಿಲ್ಲ. ಅಲ್ಲಿರುವ ಗೋಳು ಅಂದರೆ ವೈರ್‌ನಲ್ಲೇ ಸಿಗ್ನಲ್ ಸತ್ತು ಹೋಗುತ್ತದೆ, ಅದಕ್ಕೇ ಚಿಪ್ಪನ್ನು ಆಂಟೆನಾ ಬೆನ್ನಿಗೇ ಅಂಟಿಸುತ್ತಾರೆ. ಬೆರಳು ಅಡ್ಡ ಬಂದರೆ ಮುಗಿಯಿತು, ಅದಕ್ಕೆ ಎರಡು ಮೂರು ಕಡೆ ಇಡುತ್ತಾರೆ. ಅಲೆಯನ್ನು ಟವರ್ ಇರುವ ದಿಕ್ಕಿಗೆ ತಿರುಗಿಸುತ್ತಾ ಇರಬೇಕು. ಮುಂದಿನ ಗಾಜು ಎಷ್ಟು ದಪ್ಪ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2020ರ ಐಫೋನ್ 12ರ ಅಮೆರಿಕದ ಮಾಡೆಲ್ ಪಕ್ಕದಲ್ಲಿ ಉದ್ದನೆಯ ಕಿಟಕಿ ಇತ್ತಲ್ಲ, ಅದು ಇದಕ್ಕೇ. ಇಲ್ಲಿ ಮಾರುವ ಫೋನ್‌ಗಳಲ್ಲಿ ಸಾಮಾನ್ಯವಾಗಿ ಆ ಭಾಗವೇ ಇರಲ್ಲ. ಒಂದು ಮಾತ್ರ ನೋಡಿ: 26 ಗಿಗಾಹರ್ಟ್ಸ್ ಹೋದರೆ ಫೋನ್ ಕೆಳಗಿನ ಬ್ಯಾಂಡ್‌ಗೆ ಇಳಿಯುತ್ತದೆ, ಯಾರಿಗೂ ಗೊತ್ತಾಗಲ್ಲ. 700 ಹೋದರೆ ಇಳಿಯಲು ಕೆಳಗೆ ಏನೂ ಇಲ್ಲ.

ಪ್ರಾಜೆಕ್ಟ್‌ಗೆ ನನ್ನ ಸಲಹೆ ಕೇಳಿದರೆ, ಸಿಮ್ಯುಲೇಶನ್‌ನಲ್ಲಿ ಬಣ್ಣಬಣ್ಣದ ಚಿತ್ರ ಬಂದು ಮಾರ್ಕ್ಸ್ ಸಿಗುತ್ತದೆ, ಆದರೆ ಕೈಗೆ ಏನೂ ಹತ್ತಲ್ಲ. ಕೆಲವು ಸಾವಿರ ರೂಪಾಯಿಗೆ ನ್ಯಾನೋವಿಎನ್ಎ ಅನ್ನುವ ಅಂಗೈಯಗಲದ ಮೀಟರ್ ಬರುತ್ತದೆ, ಗುಂಪಿನವರೆಲ್ಲ ಸೇರಿ ಒಂದು ತಗೊಳ್ಳಿ. ಎರಡು ಗಿಗಾಹರ್ಟ್ಸ್‌ಗಿಂತ ಮೇಲಿನವರೆಗೆ ಅಳೆಯುವ ಮಾಡೆಲ್ ಆಗಿರಲಿ. ಐದು ಸೆಂಟಿಮೀಟರ್ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದದ ತಾಮ್ರದ ಬೋರ್ಡು ಕತ್ತರಿಸಿ, ಅದೇ ನಿಮ್ಮ ಫೋನ್ ಮೈ. ಒಂದು ತುದಿಯಲ್ಲಿ ತಾಮ್ರದ ಟೇಪ್‌ನಿಂದ ಎಂಟು ಸೆಂಟಿಮೀಟರ್ ಪಟ್ಟಿ, ಮಡಚಿ ಅಂಟಿಸಿ. ಪಟ್ಟಿಗೂ ಬೋರ್ಡಿಗೂ ನಡುವೆ ಕೇಬಲ್ ಬೆಸುಗೆ ಹಾಕಿ. ಆಂಟೆನಾದಿಂದ ವಾಪಸ್ ಬರುವ ಪವರ್‌ನ ಗ್ರಾಫ್‌ನಲ್ಲಿ 900ರ ಹತ್ತಿರ ಕುಣಿ ಕಾಣಬೇಕು, ಪಟ್ಟಿ ತುದಿಯನ್ನು ಕತ್ತರಿಸಿ ಕತ್ತರಿಸಿ ಅಲ್ಲಿಗೆ ತನ್ನಿ. ಕ್ಲಾಸಿನಲ್ಲಿ ಮೈನಸ್ 10 ಡಿಬಿ ಕೆಳಗೆ ಬಂದರೆ ಪಾಸ್ ಅಂತಾರೆ, ಫೋನ್ ಲೋಕದಲ್ಲಿ ಮೈನಸ್ 6ಕ್ಕೇ ಸಮಾಧಾನ ಪಡುತ್ತೇವೆ. ಆ ಗೆರೆಯ ಕೆಳಗೆ ಎಷ್ಟು ಮೆಗಾಹರ್ಟ್ಸ್ ಅಗಲ ಇದೆ ಬರೆದುಕೊಳ್ಳಿ. ಆಮೇಲೆ ಪಟ್ಟಿಯನ್ನು ಮುಟ್ಟದೆ ಬೋರ್ಡಿನ ಆ ಕಡೆಯ ತುದಿಯನ್ನು ಕತ್ತರಿಸುತ್ತಾ ಹತ್ತಕ್ಕೆ, ಎಂಟಕ್ಕೆ ತನ್ನಿ. ಆಂಟೆನಾ ಅದೇ ಇದ್ದರೂ ಕುಣಿ ಕಿರಿದಾಗುತ್ತಾ ಹೋಗುತ್ತದೆ. ಇದನ್ನೇ 1800ಕ್ಕೆ ನಾಲ್ಕು ಸೆಂಟಿಮೀಟರ್ ಪಟ್ಟಿ ಹಾಕಿ ಮಾಡಿದರೆ ಅಷ್ಟು ಫರಕು ಬರಲ್ಲ. ವೈವಾದಲ್ಲಿ ಇದನ್ನು ತೋರಿಸಿ.

ಒಂದು ಹುಷಾರು. ಅಳೆಯುವಾಗ ಕೇಬಲ್ ಮೇಲೆ ಕೈ ಇಟ್ಟು ಎಳೆದು ನೋಡಿ. ಗ್ರಾಫ್ ಅಲ್ಲಾಡಿದರೆ ಕೇಬಲ್ಲೇ ಆಂಟೆನಾದ ಭಾಗವಾಗಿದೆ ಅಂತ, ನೀವು ಅಳೆಯುತ್ತಿರುವುದು ಫೋನನ್ನಲ್ಲ. ಬೋರ್ಡಿನ ಹತ್ತಿರ ಕೇಬಲ್‌ಗೆ ಫೆರೈಟ್ ಕ್ಲಿಪ್ ಹಾಕಿ, ಕೇಬಲ್ಲನ್ನು ಬೋರ್ಡಿನ ಮಧ್ಯದಿಂದ ಅಡ್ಡಕ್ಕೆ ಹೊರಗೆ ತನ್ನಿ. ಇದನ್ನು ಮಾಡದೆ ಬಂದ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ಇಂಟರ್‌ವ್ಯೂಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಗಂಗಾವತಿ_ಎಫ್ಎಂ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೊಸಪೇಟೆ ಆಕಾಶವಾಣಿ ಕೇಳಬೇಕು ಅಂದರೆ ಫೋನ್‌ಗೆ ಇಯರ್‌ಫೋನ್ ಚುಚ್ಚಲೇಬೇಕು ಅನ್ನುತ್ತದೆ. ಎಂಟು ಹತ್ತು ಆಂಟೆನಾ ಇದೆ ಅಂತೀರಿ, ಅದರಲ್ಲಿ ಒಂದಕ್ಕೂ ಎಫ್ಎಂ ಹಿಡಿಯುವ ಯೋಗ್ಯತೆ ಇಲ್ವಾ ಸರ್? ಅಮ್ಮ ಅಡುಗೆ ಮನೆಯಲ್ಲಿ ಸ್ಪೀಕರ್‌ನಲ್ಲೇ ಕೇಳುತ್ತಾರೆ, ಇಯರ್‌ಫೋನ್ ಸುಮ್ನೆ ನೇತಾಡುತ್ತಿರುತ್ತದೆ.

ಕಿನ್ನಾಳ_ಗೊಂಬೆ

ಅಕ್ಕಾ, ಆ ನೇತಾಡುವ ವೈರೇ ಆಂಟೆನಾ. ಎಫ್ಎಂ ಸುಮಾರು 100 ಮೆಗಾಹರ್ಟ್ಸ್, ಅಲೆ ಮೂರು ಮೀಟರ್, ಕಾಲು ಭಾಗ ಅಂದರೆ 75 ಸೆಂಟಿಮೀಟರ್. ಫೋನ್ ಒಳಗೆ ಅಷ್ಟು ಎಲ್ಲಿಂದ ತರುವುದು? ವೈರನ್ನು ಸುತ್ತಿ ಇಡಬೇಡಿ, ಉದ್ದಕ್ಕೆ ಬಿಟ್ಟು ಕಿಟಕಿ ಕಡೆ ಇಡಲು ಹೇಳಿ. ಬ್ಲೂಟೂತ್ ಇಯರ್‌ಫೋನ್‌ನಿಂದ ಈ ಕೆಲಸ ಆಗಲ್ಲ.

ಸಿಂಧನೂರು_ಸ್ಪೇರ್ಸ್

ಕಿನ್ನಾಳ ಸರ್, ನಿಮ್ಮ ಮಾತು ಓದಿ ಅಂಗಡಿಯಲ್ಲಿ ಬಿದ್ದಿದ್ದ ಸೆಟ್‌ಗಳನ್ನು ತೆಗೆದು ನೋಡಿದೆ. ಬೇರೆ ಕಡೆ ರಿಪೇರಿಯಾಗಿ "ಟವರ್ ಇಲ್ಲ" ಅಂತ ನನ್ನ ಹತ್ತಿರ ಬಂದ ಒಂದರಲ್ಲಿ ಕಪ್ಪು ವೈರ್‌ನ ಕೆಳಗಿನ ತುದಿ ಕೂತೇ ಇರಲಿಲ್ಲ, ಬ್ಯಾಟರಿ ಅಂಟಿನ ಕೆಳಗೆ ಸಿಕ್ಕಿಕೊಂಡಿತ್ತು. ಒತ್ತಿ ಕೂರಿಸಿದೆ. ಮೈನಸ್ 112 ಇದ್ದದ್ದು ಅದೇ ಟೇಬಲ್ ಮೇಲೆ ಮೈನಸ್ 94ಕ್ಕೆ ಬಂತು! ಇನ್ನೊಂದರಲ್ಲಿ ರಿಂಗರ್ ಬಾಕ್ಸ್ ಡೂಪ್ಲಿಕೇಟ್, ಅದರ ಮೇಲೆ ಗೆರೆಯೇ ಇಲ್ಲ, ಬರೀ ಕಪ್ಪು ಪ್ಲಾಸ್ಟಿಕ್. ಒರಿಜಿನಲ್ ಪಕ್ಕ ಇಟ್ಟು ನೋಡಿದರೆ ಸ್ಪ್ರಿಂಗ್ ಪಿನ್ ಮುಟ್ಟುವ ಜಾಗದಲ್ಲಿ ಏನೂ ಇಲ್ಲ, ಪಿನ್ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ಕೂತಿದೆ. ಹೋಲ್‌ಸೇಲ್‌ನವರು ಇದನ್ನೇ ಒರಿಜಿನಲ್ ಕ್ವಾಲಿಟಿ ಅಂತ ಕೊಡುತ್ತಾರೆ ನೋಡ್ರಿ.

ಇನ್ನೆರಡು ಕೇಳುತ್ತೇನೆ. ಬೈಕ್ ಹೋಲ್ಡರ್‌ಗೆ ಅಂತ ಹುಡುಗರು ಫೋನ್ ಹಿಂದೆ ಕಬ್ಬಿಣದ ಬಿಲ್ಲೆ ಅಂಟಿಸಿಕೊಳ್ಳುತ್ತಾರೆ, ಅದರಿಂದ ತೊಂದರೆ ಇದೆಯಾ? ಮತ್ತೆ ನನ್ನ ಹತ್ತಿರ ಮೀಟರ್ ಗೀಟರ್ ಏನೂ ಇಲ್ಲ, ರಿಪೇರಿ ಆದಮೇಲೆ ಆಂಟೆನಾ ಸರಿ ಇದೆ ಅಂತ ಗಿರಾಕಿಗೆ ತೋರಿಸುವುದು ಹೇಗೆ?

ಕಿನ್ನಾಳ_ಗೊಂಬೆ

ಬಿಲ್ಲೆ ನಡುವೆ ಇದ್ದರೆ ಸಿಗ್ನಲ್‌ಗೆ ಅಂಥ ತೊಂದರೆ ಇಲ್ಲ, ಅಲ್ಲಿ ಹೇಗೂ ಬ್ಯಾಟರಿ ಇದೆ. ಎನ್ಎಫ್‌ಸಿ, ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಅವು ಕೆಡುತ್ತವೆ. ಮೇಲಿನ ಕೆಳಗಿನ ತುದಿಗೆ ಅಂಟಿಸಿದರೆ ಮಾತ್ರ ಬೈಯಿರಿ. ಲೋಹದ ಬಂಪರ್ ಕವರ್ ಇನ್ನೂ ಕೆಟ್ಟದ್ದು, ನಾವು ಕತ್ತರಿಸಿಟ್ಟ ಗೆರೆಗಳನ್ನೆಲ್ಲ ಅದು ಮತ್ತೆ ಕೂಡಿಸಿಬಿಡುತ್ತದೆ.

ತೋರಿಸುವುದಕ್ಕೆ ಮೀಟರ್ ಬೇಡ. ಫೋನ್ ಒಳಗೆ ತೆಗೆದುಕೊಳ್ಳುವಾಗಲೇ, ಗಿರಾಕಿ ಎದುರಿಗೇ, ಟೇಬಲ್ ಮೇಲೆ ಒಂದು ಜಾಗ ಗುರುತು ಮಾಡಿ ಅಲ್ಲಿ ಇಟ್ಟು ಕೈ ತೆಗೆಯಿರಿ. 5ಜಿ ಆಫ್ ಮಾಡಿ 4ಜಿಯಲ್ಲಿ ಇಡಿ, ಇಲ್ಲವಾದರೆ ಬ್ಯಾಂಡ್ ಜಿಗಿದು ಲೆಕ್ಕ ತಪ್ಪುತ್ತದೆ. ಏರೋಪ್ಲೇನ್ ಮೋಡ್ ಹಾಕಿ ತೆಗೆದು, ಅರ್ಧ ನಿಮಿಷ ಬಿಟ್ಟು ಡಿಬಿಎಂ ಓದಿ ಬಿಲ್ ಮೇಲೆ ಬರೆಯಿರಿ. ಕೊಡುವಾಗ ಅದೇ ಜಾಗ, ಅದೇ ಸಿಮ್, ಮತ್ತೆ ಓದಿ. ಆಂಡ್ರಾಯ್ಡ್‌ನಲ್ಲಿ *#*#4636#*#* ಕೆಲಸ ಮಾಡಿದರೆ ಫೋನ್ ಟವರ್‌ನ ಯಾವ ಸೆಲ್ಲಿಗೆ ಅಂಟಿಕೊಂಡಿದೆ ಅಂತಲೂ ಕಾಣುತ್ತದೆ, ಎರಡು ಸಲವೂ ಅದೇ ಇದೆಯಾ ನೋಡಿ. ನಾಲ್ಕೈದು ಆಚೀಚೆ ಆಗುವುದು ಮಾಮೂಲು, ಜನ ಓಡಾಡಿದರೂ ಅಷ್ಟು ಬದಲಾಗುತ್ತದೆ. ಹತ್ತು ಇಳಿದಿದ್ದರೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಬಂದಿದೆ ಅಂತ, ಮತ್ತೆ ಬಿಚ್ಚಿ, ಮೊದಲು ಆ ವೈರ್ ನೋಡಿ.